ಕವಂದಿಯೂ ಒಂದು ಪಾಠ



ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳ ತುಂಡುಗಳಿಂದ ಹೊಲಿಯುವ ಕೌದಿಯೇ ‘ಕವಂದಿ’. ಹೊಲಿಗೆಯು ಅಂಚಿನಿಂದ ಆರಂಭವಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫೂಲ’, ಎಂದರೆ ಹೂವು, ಬೇಕೇ ಬೇಕು. ಅದಿಲ್ಲದ ಕವಂದಿ ಅಪೂರ್ಣ.

ಎಂಟನೆಯ ತರಗತಿಯ ಚಿತ್ರಕಲೆಗೆ ಅಗತ್ಯವಾದ ಬಣ್ಣದ ಹೊಂದಾಣಿಕೆ, ಆಕಾರ, ಲಯಗಳೆಲ್ಲವೂ ಇದರಲ್ಲಿವೆ. ಆದರೆ ತರಗತಿಯಲ್ಲಿ ಪುಸ್ತಕದ ಹೂದಾನಿಯನ್ನಷ್ಟೇ ನಕಲು ಮಾಡಿಸಿದರೆ, ಮಗು ತಾನು ಹೊದ್ದು ಮಲಗುವ ಕಲೆಯನ್ನು ಬಡತನದ ಗುರುತೆಂದೇ ಬಗೆದೀತು.

ಶಿಕ್ಷಕರು ಕವಂದಿ ಹೊಲಿಯುವ ಅಜ್ಜಿಯನ್ನು ಗುರುವಾಗಿ ಶಾಲೆಗೆ ಆಹ್ವಾನಿಸಲಿ. ಮಕ್ಕಳು ಮನೆಯಿಂದ ಚಿಂದಿ ತಂದು, ಅಂಚಿನಿಂದ ನಡುವಿಗೆ ಜೋಡಿಸಿ ನೋಡಲಿ. ಒಂದು ಚೂರನ್ನೂ ಎಸೆಯದೆ ಅದಕ್ಕೆ ತಕ್ಕ ಸ್ಥಳ ಹುಡುಕುವುದೇ ವಿನ್ಯಾಸ. ಕಾಡಂಚಿನ ಬದುಕು ಬಹುಕಾಲದಿಂದ ಬಲ್ಲ ಪಾಠವದು.