ಸಾಕುಮಕ್ಕಳ ಮನಸ್ಸಿನ ಪರೀಕ್ಷೆ ಮತ್ತು ನಮ್ಮ ಹೊಣೆ

(ಕಳಂಬೋಲಿಯಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸಿನ ಮಾತು ಕೇಳಲು ಬಂದವರಿಗೆ ಇವತ್ತು ಸ್ವಲ್ಪ ನಿರಾಶೆಯಾದೀತು. ಏಳನೆಯ ಇಯತ್ತೆ ಓದಿ ಗ್ಲಾಸು ತೊಳೆಯಲು ನಿಂತವನಿಗೆ ಮನಶ್ಶಾಸ್ತ್ರದ ಉಸಾಬರಿ ಏಕೆ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಕೇಳಿದ್ದು ನನ್ನ ಕಿವಿಗೂ ಬಿತ್ತು. ಸರಿಯಾದ ಪ್ರಶ್ನೆಯೇ. ಆದರೆ ನಮ್ಮ ಖೋಲಿಗಳನ್ನು ಒಮ್ಮೆ ನೋಡಿಕೊಳ್ಳಿ. ತೀರಿಕೊಂಡ ಅಣ್ಣನ ಮಗ, ಗಂಡ ಬಿಟ್ಟುಹೋದ ತಂಗಿಯ ಮಗಳು, 2021ರ ಕೊರೊನಾದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಊರಿನ ಹುಡುಗ, ಇಂಥವರು ನಮ್ಮ ಒಲೆಯ ಅನ್ನ ಉಂಡೇ ಬೆಳೆಯುತ್ತಿದ್ದಾರೆ. ಹೊಟ್ಟೆಗೆ ಹಾಕುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಆ ಮಗು ರಾತ್ರಿ ಬೆಚ್ಚಿ ಏಳುತ್ತದೆ, ಹತ್ತು ವರ್ಷವಾದರೂ ಹಾಸಿಗೆ ಒದ್ದೆ ಮಾಡುತ್ತದೆ, ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದಾಗ ಮಾತ್ರ ನಮಗೆ ದಾರಿ ತೋಚುವುದಿಲ್ಲ. ಬೈಯುತ್ತೇವೆ, ಇಲ್ಲವೇ ತಾಯಿತ ಕಟ್ಟಿಸುತ್ತೇವೆ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ದಿಕ್ಕಿಲ್ಲದ ಮಗುವನ್ನು 24 ಗಂಟೆಯೊಳಗೆ ಬಾಲ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಮಗುವನ್ನು ಬೇರೊಂದು ಸಂಸಾರದಲ್ಲಿ ಸಾಕಲು ಬಿಡುವ ಅಧಿಕಾರ ಆ ಸಮಿತಿಗಿದೆ. ಇದು ದತ್ತಕವಲ್ಲ, ಪೋಷಣೆ. ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆಯಲ್ಲಿ ಇಂಥ ಮಗುವಿಗೆ ತಿಂಗಳಿಗೆ 2,250 ರೂಪಾಯಿಯಂತೆ ಸಹಾಯ ಕೊಡುವುದೆಂದು 2023ರಲ್ಲಿ ತೀರ್ಮಾನವಾಯಿತು. ಒಂದು ಎಚ್ಚರಿಕೆ ಬೇಕು. ಕಳಂಬೋಲಿ, ಕಾಮೋಠೆ, ಖಾಂದಾ ಕಾಲೋನಿಯವರು ನವಿ ಮುಂಬಯಿ ಎಂದು ವಿಳಾಸ ಬರೆದರೂ ನಾವಿರುವುದು ರಾಯಗಢ ಜಿಲ್ಲೆಯಲ್ಲಿ. ಕಲ್ಯಾಣ, ಡೊಂಬಿವಲಿಯವರದು ಠಾಣೆ ಜಿಲ್ಲೆ. ಅರ್ಜಿ ತಪ್ಪು ಜಿಲ್ಲೆಗೆ ಹೋದರೆ ಎರಡು ಪಾಳಿ ಸಂಬಳ ಕಳೆದುಕೊಂಡು ವಾಪಸು ಬರಬೇಕಾಗುತ್ತದೆ.

ಇದೇ ಕಳಂಬೋಲಿಯ ಒಂದು ಆಶ್ರಯಧಾಮದಲ್ಲಿ ಕಿವಿ ಕೇಳದ, ಬುದ್ಧಿ ಬೆಳವಣಿಗೆ ಕುಂಠಿತವಾದ ಹೆಣ್ಣುಮಕ್ಕಳ ಮೇಲೆ ನಡೆದ ಅತ್ಯಾಚಾರ 2011ರಲ್ಲಿ ಬಯಲಿಗೆ ಬಂದದ್ದನ್ನು ಇಲ್ಲಿನ ಹಳಬರು ಮರೆತಿರಲಾರರು. ಮುಂಬಯಿ ಹೈಕೋರ್ಟು ನೇಮಿಸಿದ ಸಮಿತಿಯವರು ಹೋಗಿ ವಿಚಾರಿಸಿದ ಮೇಲೆ ಸಂಗತಿ ಹೊರಬಿತ್ತು. 2013ರಲ್ಲಿ ಧಾಮದ ಮುಖ್ಯಸ್ಥನೂ ಸೇರಿದಂತೆ ಹಲವರಿಗೆ ಶಿಕ್ಷೆಯಾಯಿತು. ಅಕ್ಕಪಕ್ಕದವರಿಗೆ ಆ ಮಕ್ಕಳು ಮೂಕರು, ದಡ್ಡರು, ಅಷ್ಟೆ. ಕೇಳುವ ರೀತಿ ಬಲ್ಲವರು ಬರುವ ತನಕ ಅವರ ಬಾಯಿಗೆ ಬೆಲೆಯಿರಲಿಲ್ಲ. ಮನಸ್ಸಿನ ಪರೀಕ್ಷೆ ಎಂದರೆ ನನ್ನ ಮಟ್ಟಿಗೆ ಮೊದಲು ಇದೇ: ಮಗುವಿಗೆ ತಿಳಿಯುವ ಹಾಗೆ ಕೇಳುವುದು.

ಇನ್ನು ಪರೀಕ್ಷೆಯ ವಿಷಯ. ಫ್ರಾನ್ಸಿನ ಬಿನೆ ಎಂಬವರು 1905ರಲ್ಲಿ ಮಕ್ಕಳ ಬುದ್ಧಿ ಅಳೆಯುವ ಒಂದು ಕ್ರಮ ತಂದರು. ನಮ್ಮ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲೇ ಇದ್ದುದರಿಂದ ಅದಕ್ಕೆ ಮುಂಬಯಿ-ಕರ್ನಾಟಕ ಪರಿಷ್ಕರಣ ಎಂದೇ ಹೆಸರು ಬಂತು. ಕನ್ನಡ ಮಗುವಿನ ಬುದ್ಧಿಯನ್ನು ಕನ್ನಡದಲ್ಲೇ ಅಳೆಯಬೇಕೆಂಬುದು ಇವತ್ತಿನ ಬೇಡಿಕೆಯಲ್ಲ, ನಮ್ಮ ಹಿರಿಯರೊಬ್ಬರು ಮಾಡಿ ತೋರಿಸಿದ ಕೆಲಸ! ಆ ಪರೀಕ್ಷೆಗೆ ಈಗ ವಯಸ್ಸಾಗಿದೆ, ನಿಜ. ಅದೊಂದನ್ನೇ ನೆಚ್ಚಬಾರದು. 1955ರಲ್ಲಿ ಭಾಟಿಯಾ ಅವರು ಮಾಡಿದ ಪರೀಕ್ಷೆಯಲ್ಲಿ ಮರದ ತುಂಡು ಜೋಡಿಸುವುದು, ನಕ್ಷೆ ಬರೆಯುವುದು ಮುಂತಾದ ಕೈಕೆಲಸವೇ ಹೆಚ್ಚು. ಮಾತು ಬಾರದ ಕಡೆ ಅಂಥದು ನೆರವಾಗುತ್ತದೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಹೆಸರು ಬೇಡ. ಕುಂದಾಪುರದ ಕಡೆಯ ಹುಡುಗ. ತಂದೆತಾಯಿ ಇಲ್ಲದೆ, ಅಡಿಗೆ ಕೆಲಸದ ಚಿಕ್ಕಪ್ಪನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಕಲಿಯುವುದಿಲ್ಲ ಎಂದು ಶಾಲೆಯವರು ಪರೀಕ್ಷೆಗೆ ಕಳಿಸಿದರು. ಪರೀಕ್ಷೆ ನಡೆದದ್ದು ಹಿಂದಿಯಲ್ಲಿ. ಛತ್ರಿಯ ಚಿತ್ರ ತೋರಿಸಿದರು. ಹುಡುಗ "ಕೊಡೆ" ಎಂದ. ಕೇಳಿದವರಿಗೆ ಅದು ತಿಳಿಯಲಿಲ್ಲ, ತಪ್ಪು ಎಂದು ಗುರುತು ಬಿತ್ತು. ಅಂಥ ನಾಲ್ಕಾರು ಗುರುತು ಸೇರಿ ಹುಡುಗ ಮಂದಬುದ್ಧಿಯವನೆಂದು ಕಾಗದ ಬಂತು. ಚಿಕ್ಕಪ್ಪ ಆ ಕಾಗದ ಹಿಡಿದು ನನ್ನಲ್ಲಿಗೆ ಬಂದು, "ಇವನನ್ನು ಯಾವ ಆಶ್ರಮಕ್ಕೆ ಸೇರಿಸಬೇಕು ಮಾರಾಯರೆ?" ಎಂದು ಕೇಳಿದರು. ನಾವು ಮೊದಲು ಕಿವಿಯ ಡಾಕ್ಟರಿಗೆ ತೋರಿಸಿದೆವು. ಒಂದು ಕಿವಿ ಸೋರುತ್ತಿತ್ತು, ಸರಿಯಾಗಿ ಕೇಳುತ್ತಲೂ ಇರಲಿಲ್ಲ. ಔಷಧ ಆದ ಮೇಲೆ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರು ಎರಡು ದಿನ ಕೂತು ನೋಡಿದರು. ಬುದ್ಧಿಗೆ ಏನೂ ಆಗಿಲ್ಲ, ತಾಯಿಯ ದುಃಖ ಇನ್ನೂ ಇಳಿದಿಲ್ಲ ಎಂದರು. ಎಲ್ಲ ಮಕ್ಕಳದೂ ಹೀಗೇ ಆಗುತ್ತದೆ ಎಂದು ತಿಳಿಯಬೇಡಿ. ಇನ್ನೊಂದು ಹೆಣ್ಣುಮಗುವಿಗೆ ಬೆಳವಣಿಗೆ ನಿಜವಾಗಿಯೂ ಹಿಂದುಳಿದಿತ್ತು. ಅದು ಖಚಿತವಾದದ್ದರಿಂದಲೇ ಆ ಮಗುವಿಗೆ ಹೊಡೆತ ನಿಂತಿತು.

ಈ ಕೆಲಸದಲ್ಲಿ ಕಷ್ಟವಿರುವುದು ಪರೀಕ್ಷೆಯಲ್ಲಲ್ಲ, ಓಡಾಟದಲ್ಲಿ. ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ನೋಡುವುದು ಬೆಳಿಗ್ಗೆ, ಇಡ್ಲಿಯ ಹೊತ್ತಿಗೆ. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಒಂದು ಕಡೆ ಮಾಡಿದ ಪರೀಕ್ಷೆಯ ಕಾಗದ ಕಳೆದುಹೋಗಿ ಇನ್ನೊಂದು ಕಡೆ ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ತಾಯಿ ಹೇಗೆ ಸತ್ತಳೆಂದು ಆ ಮಗು ಎಷ್ಟು ಮೇಜಿನ ಮುಂದೆ ಹೇಳಬೇಕು? ಆದುದರಿಂದ ಪ್ರತಿ ಮಗುವಿಗೂ ಒಂದೇ ಒಂದು ಫೈಲು ಇರಲಿ. ಜನನದ ದಾಖಲೆ, ಸಮಿತಿಯ ಆದೇಶ, ಶಾಲೆಯ ಕಾಗದ, ಹಿಂದಿನ ಡಾಕ್ಟರ ಚೀಟಿ ಅದರಲ್ಲಿರಲಿ. ಮೊದಲು ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಇತ್ತು ಎಂಬುದನ್ನೂ ಬರೆದಿಡಿ. ಡಾಕ್ಟರು ಹೆಚ್ಚಾಗಿ ಕೇಳುವುದು ಅದನ್ನೇ. ಕಣ್ಣು, ಕಿವಿ ತೋರಿಸದೆ ಬುದ್ಧಿಯ ಪರೀಕ್ಷೆಗೆ ಒಪ್ಪಬೇಡಿ. ಮಗು ಊರಿಂದ ಬಂದ ಮೊದಲ ವಾರದಲ್ಲೇ, ನಿದ್ದೆಗೆಟ್ಟು ಹಸಿದಿರುವಾಗ, ಅಂಕ ಹಾಕಿಸಬೇಡಿ. ಆದರೆ ಮಗು ಸಾಯುವ ಮಾತಾಡಿದರೆ ವಾರ ಕಾಯುವಂತಿಲ್ಲ, ಆ ದಿನವೇ ಹೋಗಬೇಕು. ಜೊತೆಗೆ ಹೋದವರು ಮಾತನ್ನು ತಿಳಿಸಿ ಹೇಳಬೇಕೇ ಹೊರತು ಮಗುವಿನ ಬದಲು ತಾವೇ ಉತ್ತರ ಕೊಡಬಾರದು. ಈ ಚಾಳಿ ನಮ್ಮವರಿಗೆ ಬಹಳ! ವರದಿಯನ್ನು ಗಲ್ಲೆಯ ಹತ್ತಿರ ನಾಲ್ಕು ಜನರ ಮುಂದೆ ಓದುವುದೂ ಕೂಡದು. ಇಂಥ ಮಗುವಿನ ಗುರುತು ಬಯಲು ಮಾಡುವುದು ಕಾನೂನಿನಲ್ಲಿಯೂ ಅಪರಾಧ.

ಇದು ಸಂಘದ ಕೆಲಸವೇ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಗೆ ಸರ್ಕಾರ ನಿಷೇಧ ಹಾಕಿದ್ದು 2006ರ ಅಕ್ಟೋಬರ್ 10ರಂದು. ಅದಕ್ಕೆ ಮುಂಚೆ ಊರಿಂದ ಬಂದ ಎಷ್ಟು ಮಾಣಿಗಳು ಬೆಂಚಿನ ಕೆಳಗೆ ಮಲಗಿ ಅತ್ತಿಲ್ಲ? ಅವರ ಮನಸ್ಸನ್ನು ಪರೀಕ್ಷಿಸಲು ಯಾರೂ ಬರಲಿಲ್ಲ. ಆ ಮಾಣಿಗಳಲ್ಲಿ ಅನೇಕರು ಇವತ್ತು ಈ ಸಭೆಯಲ್ಲೇ ಕೂತಿದ್ದಾರೆ. ಸಂಬಳ ಕತ್ತರಿಸದೆ ಅರ್ಧ ದಿನದ ರಜೆ ಕೇಳುವುದು ಸಂಘದ ಕೆಲಸವಲ್ಲದಿದ್ದರೆ ಮತ್ತೆ ಯಾರ ಕೆಲಸ?

ನನ್ನ ಸೂಚನೆ ಇಷ್ಟೆ. ಕನ್ನಡ, ತುಳು, ಮರಾಠಿ ಬಲ್ಲ ನಾಲ್ವರು ಸರದಿಯ ಮೇಲೆ ಮಕ್ಕಳ ಜೊತೆ ಹೋಗಲಿ. ಅದರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಕಾಮೋಠೆಯ ಎಂಜಿಎಂ ಆಸ್ಪತ್ರೆಯಲ್ಲಿ, ಠಾಣೆಯ ಮಾನಸಿಕ ಆಸ್ಪತ್ರೆಯಲ್ಲಿ ಯಾವ ದಿನ ಮಕ್ಕಳನ್ನು ನೋಡುತ್ತಾರೆಂದು ಅವರೇ ವಿಚಾರಿಸಿ ಬರಲಿ. 14416 ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಮಗು ಅಪಾಯದಲ್ಲಿದ್ದರೆ 1098. ಈ ಎರಡು ನಂಬರನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ. ಜೊತೆಗೆ ಹೋಗಲು ಒಪ್ಪುವವರು ಇವತ್ತು ಚಹಾ ಆದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿರಿ. ಯಾವ ಪಾಳಿ ಎಂಬುದನ್ನೂ ಮರೆಯದೆ ಹೇಳಿ.