ತಿರಸ್ಕಾರವಿಲ್ಲ, ವಾಪಸ್ಸೂ ಇಲ್ಲ



ಮೊದಲು ಒಂದು ಪ್ರಕಟಣೆ ಓದುತ್ತೇನೆ. ಮಾದರಿಗೆಂದು ನಾನೇ ಬರೆದುಕೊಂಡದ್ದು. “ವಿಷಯ: ನೀರು. ಅಳತೆ: ಪೋಸ್ಟ್ ಕಾರ್ಡಿನಷ್ಟು. ಪೆನ್ಸಿಲ್, ಬಣ್ಣ, ಅಂಟಿಸಿದ ಕಾಗದ, ರಬ್ಬರ್ ಮುದ್ರೆ ಯಾವುದಾದರೂ ಆದೀತು. ಶುಲ್ಕ ಇಲ್ಲ. ಆಯ್ಕೆ ಸಮಿತಿ ಇಲ್ಲ. ಬಂದದ್ದನ್ನೆಲ್ಲ ಪ್ರದರ್ಶನಕ್ಕೆ ಇಡುತ್ತೇವೆ. ಯಾವುದನ್ನೂ ವಾಪಸ್ ಕಳಿಸುವುದಿಲ್ಲ. ಕಳಿಸಿದ ಪ್ರತಿಯೊಬ್ಬರಿಗೂ ಎಲ್ಲರ ಹೆಸರು, ವಿಳಾಸ ಇರುವ ಪಟ್ಟಿ ಬರುತ್ತದೆ.” ಕೆಳಗೆ ಒಂದು ವಿಳಾಸ, ಒಂದು ಕೊನೆಯ ತಾರೀಖು. ಇಷ್ಟೇ.

ಇಂಥ ಕರೆಗಳು ಐವತ್ತು ವರ್ಷಗಳಿಂದ ಬ್ರೆಜಿಲ್ಲಿನಿಂದ, ಇಟಲಿಯಿಂದ, ಜಪಾನಿನಿಂದ ಹೊರಡುತ್ತಲೇ ಇವೆ. ಓದಿದವರು ತಮ್ಮ ಮನೆಯ ಮೇಜಿನ ಮೇಲೆ ಏನೋ ಒಂದು ಮಾಡಿ, ಸ್ಟಾಂಪು ಅಂಟಿಸಿ, ಡಬ್ಬಿಗೆ ಹಾಕುತ್ತಾರೆ. ಇದನ್ನು ಮೇಲ್ ಆರ್ಟ್ ಎನ್ನುತ್ತಾರೆ. ನಾವು ಅಂಚೆ ಕಲೆ ಎನ್ನೋಣ.

ಕಾಗದವನ್ನು ಚೆಂದ ಮಾಡಿ ಕಳಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಕೋರಿಕೆ ಗೀತೆಗೆ ಕಾರ್ಡು ಬರೆಯುತ್ತಿದ್ದವರನ್ನು ನೆನೆಯಿರಿ. ರಾಶಿಯಲ್ಲಿ ತಮ್ಮ ಕಾರ್ಡು ಎದ್ದು ಕಾಣಲಿ ಎಂದು ಕೆಂಪು ಹಸಿರು ಪೆನ್ನಿನಲ್ಲಿ ಅಂಚು ಕಟ್ಟಿ, ಮೂಲೆಗೊಂದು ಹೂಬಳ್ಳಿ ಬಿಡಿಸಿ, ಅಕ್ಕ ತಂಗಿ ಸೋದರತ್ತೆ ಎಲ್ಲರ ಹೆಸರನ್ನೂ ತುರುಕುತ್ತಿದ್ದರು. ಸಂಕ್ರಾಂತಿಗೆ ಲಕೋಟೆಯೊಳಗೆ ನಾಲ್ಕು ಕುಸುರೆಳ್ಳು ಹಾಕಿ ಕಳಿಸುವವರಿದ್ದರು. ಊರು ಮುಟ್ಟುವಷ್ಟರಲ್ಲಿ ಅದು ಪುಡಿಯಾಗಿರುತ್ತಿತ್ತು, ಆದರೂ ಕಳಿಸುತ್ತಿದ್ದರು. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ, ರಂಜಾನ್ ಬಂದರೆ ಚಂದ್ರ ಮಸೀದಿಯ ಚಿತ್ರವಿದ್ದ ಈದ್ ಕಾರ್ಡು.

ದೊಡ್ಡ ಕಲಾವಿದರೂ ಇದನ್ನು ಮಾಡಿದ್ದಾರೆ. ಶಾಂತಿನಿಕೇತನದ ನಂದಲಾಲ್ ಬೋಸರು ಸ್ನೇಹಿತರಿಗೂ ಶಿಷ್ಯರಿಗೂ ಪುಟ್ಟ ಚಿತ್ರ ಬರೆದ ಕಾರ್ಡುಗಳನ್ನು ಕಳಿಸುತ್ತಿದ್ದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರಲ್ಲವೆ, ಆಗ ಈ ನಂದಲಾಲರು ಅವರ ಸಹಪಾಠಿ. ಆದರೆ ಬೋಸರ ಕಾರ್ಡು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಉಡುಗೊರೆ. ಅಲ್ಲಿಗೆ ಮುಗಿಯಿತು. ಅಂಚೆ ಕಲೆ ಹಾಗೆ ಒಂದೆಡೆ ನಿಲ್ಲುವುದಿಲ್ಲ, ಕೈಯಿಂದ ಕೈಗೆ ಹೋಗುತ್ತದೆ.

ಆ ಓಟ ಕಲಿಸಿದವನು ಅಮೆರಿಕದ ರೇ ಜಾನ್ಸನ್. 1927ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವನು. ಐವತ್ತರ ದಶಕದಿಂದಲೇ ಪತ್ರಿಕೆಯ ತುಣುಕು, ಹಾಸ್ಯದ ಚಿತ್ರ, ಮೊಲದ ತಲೆಯಂಥ ಒಂದು ಗೀಟುಚಿತ್ರ ಇವನ್ನೆಲ್ಲ ಲಕೋಟೆಗೆ ತುಂಬಿ ಪರಿಚಿತರಿಗೆ ಕಳಿಸುತ್ತಿದ್ದ. ಜೊತೆಗೆ ಒಂದು ಸೂಚನೆ: ಇದಕ್ಕೆ ನಿಮ್ಮದೇನಾದರೂ ಸೇರಿಸಿ, ಇಂಥವರಿಗೆ ಕಳಿಸಿ. ಆ ಇಂಥವರು ಪಡೆದವನಿಗೆ ಗೊತ್ತೇ ಇಲ್ಲದವರಾಗಿರಬಹುದು. ಹೀಗೆ ಒಂದು ಹಾಳೆ ನಾಲ್ಕು ಮನೆ ಸುತ್ತಿ ಬರುವಾಗ ಅದು ಯಾರ ಚಿತ್ರ ಎಂದು ಹೇಳುವುದೇ ಕಷ್ಟ. ಈ ಬಳಗಕ್ಕೆ ‘ನ್ಯೂಯಾರ್ಕ್ ಪತ್ರವ್ಯವಹಾರ ಶಾಲೆ’ ಎಂದು ಗೆಳೆಯನೊಬ್ಬ ಹೆಸರಿಟ್ಟ. ಅಂಚೆಯಲ್ಲೇ ಚಿತ್ರಕಲೆ ಕಲಿಸುತ್ತೇವೆಂದು ಜಾಹೀರಾತು ಕೊಡುತ್ತಿದ್ದ ಶಾಲೆಗಳ ಅಣಕ ಅದು. 1970ರಲ್ಲಿ ನ್ಯೂಯಾರ್ಕಿನ ಹೆಸರಾಂತ ವಿಟ್ನಿ ಮ್ಯೂಸಿಯಂ ಜಾನ್ಸನ್‌ನ ಬಳಗಕ್ಕೆ ಪ್ರದರ್ಶನದ ಅವಕಾಶ ಕೊಟ್ಟಿತು. ಅವನು ತನ್ನ ಕೆಲಸವನ್ನು ಇಡಲಿಲ್ಲ. ತಾನು ಇಷ್ಟು ವರ್ಷ ಯಾರಿಗೆಲ್ಲ ಬರೆದಿದ್ದನೋ ಅವರಿಗೆಲ್ಲ, ಮ್ಯೂಸಿಯಂ ವಿಳಾಸಕ್ಕೆ ಏನಾದರೂ ಕಳಿಸಿ ಎಂದು ಬರೆದ. ಬಂದದ್ದೆಲ್ಲ ಗೋಡೆಗೆ ಹೋಯಿತು.

ಆಮೇಲೆ ಬಳಗಗಳು ಬೆಳೆದಂತೆ ನಾನು ಮೊದಲು ಓದಿದ ನಿಯಮಗಳು ಗಟ್ಟಿಯಾದವು. ಆಯ್ಕೆ ಇಲ್ಲ, ಮಾರಾಟ ಇಲ್ಲ, ವಾಪಸ್ ಇಲ್ಲ, ಎಲ್ಲರಿಗೂ ಪಟ್ಟಿ. ಈ ಕಲೆಯ ಜೀವ ಚಿತ್ರಗಳಲ್ಲಿ ಇಲ್ಲ, ಈ ನಿಯಮಗಳಲ್ಲಿದೆ ಎಂದು ನನಗನ್ನಿಸುತ್ತದೆ. ಅದರಲ್ಲೂ ಆ ಪಟ್ಟಿಯಲ್ಲಿ. ಪ್ರದರ್ಶನ ಒಂದು ವಾರ ಇರುತ್ತದೆ, ದೂರದವರು ನೋಡಲು ಬರಲಾರರು. ಪಟ್ಟಿ ಮಾತ್ರ ಎಲ್ಲರ ಮನೆಗೂ ಬರುತ್ತದೆ. ಅದರಲ್ಲಿ ನೂರು ವಿಳಾಸ ಇದ್ದರೆ, ನಾಳೆ ನೀವೇ ಕರೆ ಕೊಡುವುದಕ್ಕೆ ನೂರು ಜನ ಸಿಕ್ಕಂತೆ. ಫ್ರಾನ್ಸಿನ ರಾಬರ್ಟ್ ಫಿಲ್ಯೂ ಎಂಬ ಕಲಾವಿದ ಇದಕ್ಕೆ ಕೊನೆಯಿಲ್ಲದ ಜಾಲ ಎಂಬ ಅರ್ಥದ ಹೆಸರು ಕೊಟ್ಟಿದ್ದ. ಇಂಟರ್‌ನೆಟ್ಟು ಮನೆಮನೆಗೆ ಬರುವುದಕ್ಕಿಂತ ಎಷ್ಟೋ ಮುಂಚಿನ ಮಾತು.

ಇನ್ನೊಂದನ್ನೂ ಹೇಳಿಬಿಡಬೇಕು. ಹೀಗೆ ಬರುವುದರಲ್ಲಿ ಬಹುಪಾಲು ಸಾಧಾರಣ. ಅದೇ ಪತ್ರಿಕೆಯ ತುಣುಕು, ಅದೇ ಕಣ್ಣಿನ ಚಿತ್ರ, ಅದೇ ಪಾರಿವಾಳ. ಯಾರನ್ನೂ ಬೇಡ ಎನ್ನದ ಮೇಲೆ ಹಾಗಾಗದೆ ಇರುವುದಿಲ್ಲ. ನಮ್ಮ ಜಾತ್ರೆಯ ಭಜನೆಯಲ್ಲಿ ಎಲ್ಲರ ಕಂಠವೂ ಚೆನ್ನಾಗಿರಬೇಕೆಂದು ಯಾರೂ ಕೇಳುವುದಿಲ್ಲವಲ್ಲ.

ನಡುನಡುವೆ ಅಸಾಮಾನ್ಯರೂ ಬಂದರು. ಜಪಾನಿನ ಆನ್ ಕವಾರಾ 1968ರಿಂದ 1979ರವರೆಗೆ ದಿನಕ್ಕೆ ಎರಡು ಪ್ರವಾಸಿ ಚಿತ್ರಕಾರ್ಡು ಕಳಿಸಿದ, ಇದ್ದ ಊರಿನಿಂದಲೇ. ಹಿಂಬದಿಯಲ್ಲಿ ರಬ್ಬರ್ ಮುದ್ರೆಯಲ್ಲಿ ಒಂದೇ ಸುದ್ದಿ, ಇವತ್ತು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಎದ್ದೆ. ಕ್ಷೇಮಸಮಾಚಾರ ಇಷ್ಟು ಚಿಕ್ಕದಾಗಿ ಬರೆದವರು ಬೇರೆ ಯಾರೂ ಇರಲಿಕ್ಕಿಲ್ಲ. ಅದೇ ದೇಶದ ರಿಯೋಸುಕೆ ಕೋಹೆನ್ 1985ರಲ್ಲಿ ‘ಬ್ರೇನ್ ಸೆಲ್’ ಎಂಬ ಹಾಳೆ ಶುರುಮಾಡಿದ. ನೀವು ನಿಮ್ಮ ಚಿಕ್ಕ ಚಿತ್ರವನ್ನೋ ಮುದ್ರೆಯನ್ನೋ 150 ಪ್ರತಿ ಕಳಿಸಬೇಕು. ಆತ ಹತ್ತಾರು ಜನರದ್ದನ್ನು ಒಂದೇ ಹಾಳೆಯ ಮೇಲೆ ಸೇರಿಸಿ, ಕಳಿಸಿದ ಎಲ್ಲರಿಗೂ ಹಂಚುತ್ತಾನೆ. ಇಂಥ ಹಾಳೆಗಳ ಸಂಖ್ಯೆ ಸಾವಿರ ದಾಟಿದೆ.

ಅಂಚೆ ಇಲಾಖೆಯೂ ಇಲ್ಲಿ ಒಬ್ಬ ಕಲಾವಿದ. ಸ್ಟಾಂಪಿನ ಮೇಲೆ ಬೀಳುವ ಮುದ್ರೆ ಚಿತ್ರದ ಮೂಗಿನ ಮೇಲೂ ಬೀಳಬಹುದು. ಮಳೆಗೆ ಶಾಯಿ ಹರಡಬಹುದು. ಕೆಲವರು ತಮ್ಮದೇ ಚಿತ್ರದ ಸುಳ್ಳು ಸ್ಟಾಂಪನ್ನು ನಿಜವಾದ ಸ್ಟಾಂಪಿನ ಪಕ್ಕ ಅಂಟಿಸಿ, ಅದಕ್ಕೂ ಮುದ್ರೆ ಬಿದ್ದರೆ ಗೆದ್ದೆ ಎಂದು ಹಿಗ್ಗುತ್ತಾರೆ. ಪಕ್ಕದಲ್ಲಿ ಸರಿಯಾದ ಬೆಲೆಯ ಅಸಲಿ ಸ್ಟಾಂಪು ಇರಲೇಬೇಕು ಅನ್ನುವುದನ್ನು ಮರೆಯಬಾರದು.

ಈ ಆಟ ಒಂದು ಕಡೆ ಆಟವಾಗಿ ಉಳಿಯಲಿಲ್ಲ. ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಸಣ್ಣ ದೇಶ. 1973ರಿಂದ ಅಲ್ಲಿ ಸೈನ್ಯದ ಹಿಡಿತ. ಪತ್ರಿಕೆ, ಸಭೆ, ಗೋಡೆಬರಹ ಎಲ್ಲದಕ್ಕೂ ಕಣ್ಗಾವಲು. ಕ್ಲೆಮೆಂತೆ ಪದೀನ್ ಎಂಬ ಕವಿ, ಕಲಾವಿದ 1974ರಲ್ಲಿ ರಾಜಧಾನಿ ಮಾಂಟೆವಿಡಿಯೋದಲ್ಲಿ ಪೋಸ್ಟ್ ಕಾರ್ಡುಗಳ ಪ್ರದರ್ಶನ ನಡೆಸಿದ. ದಕ್ಷಿಣ ಅಮೆರಿಕದಲ್ಲಿ ಅಂಚೆ ಕಲೆಯ ಮೊದಲ ಪ್ರದರ್ಶನಗಳಲ್ಲಿ ಅದೂ ಒಂದು. ಪದೀನ್ ಮತ್ತು ಅವನ ಗೆಳೆಯ ಹೋರ್ಹೆ ಕರಬಾಯೋ ಸೈನ್ಯದ ದಬ್ಬಾಳಿಕೆಯನ್ನು ಹೇಳುವ ಮುದ್ರೆ, ಕಾರ್ಡುಗಳನ್ನು ಹೊರದೇಶಗಳಿಗೆ ಕಳಿಸುತ್ತಿದ್ದರು. 1977ರಲ್ಲಿ ಇಬ್ಬರನ್ನೂ ಹಿಡಿದರು. ಸಶಸ್ತ್ರ ಪಡೆಗಳ ಗೌರವಕ್ಕೆ ಧಕ್ಕೆ ತಂದರು ಎಂಬುದು ಆರೋಪ. ಪದೀನನಿಗೆ ನಾಲ್ಕು ವರ್ಷದ ಶಿಕ್ಷೆಯಾಯಿತು.

ಆಗ ಕೆಲಸಕ್ಕೆ ಬಂದದ್ದು ವಿಳಾಸಪಟ್ಟಿಗಳು. ಪದೀನನನ್ನು ಒಮ್ಮೆಯೂ ಕಾಣದವರು, ಅವನ ಕಾರ್ಡನ್ನು ಮಾತ್ರ ಕಂಡವರು, ಅಮೆರಿಕದಿಂದ, ಯೂರೋಪಿನಿಂದ ಉರುಗ್ವೆಯ ಸರ್ಕಾರಕ್ಕೆ, ತಮ್ಮ ತಮ್ಮ ಸರ್ಕಾರಗಳಿಗೆ ಬರೆಯತೊಡಗಿದರು. ಅವನ ಹೆಸರಿನ ಸ್ಟಾಂಪು, ಕಾರ್ಡುಗಳನ್ನು ಮಾಡಿ ಹಂಚಿದರು. ಶಿಕ್ಷೆ ಮುಗಿಯುವ ಮೊದಲೇ, 1979ರಲ್ಲಿ ಅವನು ಜೈಲಿನಿಂದ ಹೊರಬಂದ. ಕಣ್ಗಾವಲು ಮಾತ್ರ ತಪ್ಪಲಿಲ್ಲ. ಕಾಗದಗಳಿಂದಲೇ ಬಿಡುಗಡೆಯಾಯಿತು ಎಂದು ನಾನು ಹೇಳಲಾರೆ, ಸರ್ಕಾರಗಳ ಲೆಕ್ಕಾಚಾರ ಅಷ್ಟು ಸರಳವಲ್ಲ. ಜೈಲಿನಲ್ಲಿರುವ ಒಬ್ಬ ಮನುಷ್ಯ ಲೋಕಕ್ಕೆ ಮರೆತುಹೋಗದಂತೆ ಅವು ನೋಡಿಕೊಂಡವು ಎಂಬುದಂತೂ ನಿಜ. ಯಾವ ಆಯ್ಕೆ ಸಮಿತಿಯೂ ಆರಿಸದ ಚಿತ್ರಗಳಿಂದ ಆದ ಕೆಲಸ ಇದು.

ನಮ್ಮ ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಎಂದು ಯೋಚಿಸಿದರೆ ನನಗೆ ಬೆಂಗಳೂರಿನ ‘ಬ್ಲ್ಯಾಂಕ್ ನಾಯ್ಸ್’ ನೆನಪಾಗುತ್ತದೆ. 2003ರಲ್ಲಿ ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದ ಜಾಸ್ಮೀನ್ ಪಥೇಜಾ ಇದನ್ನು ಶುರುಮಾಡಿದರು. ಬೀದಿಯಲ್ಲಿ, ಬಸ್ಸಿನಲ್ಲಿ ಹೆಣ್ಣುಮಕ್ಕಳು ಅನುಭವಿಸುವ ಕಿರುಕುಳದ ಬಗ್ಗೆ ಕೆಲಸ. ಕಿರುಕುಳವಾದ ದಿನ ನೀವು ತೊಟ್ಟಿದ್ದ ಬಟ್ಟೆಯನ್ನು ಕೊಡಿ ಎಂದು ಕೇಳಿದರು. ಕೆಲವರು ತಂದುಕೊಟ್ಟರು, ಕೆಲವರು ಕಳಿಸಿಕೊಟ್ಟರು. ಬಂದದ್ದು ಸಲ್ವಾರ್, ಶಾಲೆಯ ಸಮವಸ್ತ್ರ, ಸೀರೆ, ಜೀನ್ಸ್. ಯಾವ ಉಡುಪೂ ಕಾರಣವಲ್ಲ ಎಂಬುದಕ್ಕೆ ಆ ಸಾಲು ಬಟ್ಟೆಗಳಿಗಿಂತ ಬೇರೆ ಮಾತು ಬೇಕಿಲ್ಲ. ಹತ್ತು ಸಾವಿರ ಉಡುಪು ಕೂಡಿಸಿ ದೆಹಲಿಯ ಇಂಡಿಯಾ ಗೇಟ್ ಬಳಿ ಇಡಬೇಕೆಂಬುದು ಅವರ ಗುರಿ. ಇಲ್ಲಿಯೂ ಇದು ಸಾಲದು, ಇದು ಚೆನ್ನಾಗಿಲ್ಲ ಎಂದು ಹೇಳುವವರಿಲ್ಲ.

2009ರ ಫೆಬ್ರವರಿಯಲ್ಲಿ ಇನ್ನೊಂದು ಬಗೆಯದು ನಡೆಯಿತು. ಮಂಗಳೂರಿನ ಪಬ್ಬಿನಲ್ಲಿ ಯುವತಿಯರ ಮೇಲೆ ನಡೆದ ದಾಳಿಯನ್ನು ಖಂಡಿಸಿ, ಹುಬ್ಬಳ್ಳಿಯ ಸಂಘಟನೆಯೊಂದರ ವಿಳಾಸಕ್ಕೆ ದೇಶದ ನಾನಾ ಕಡೆಯಿಂದ ಗುಲಾಬಿ ಬಣ್ಣದ ಒಳಉಡುಪುಗಳ ಪಾರ್ಸೆಲ್ಲು ಬಂದವು. ಸಭ್ಯವೋ ಅಲ್ಲವೋ ಎಂದು ಆಗ ಮನೆಮನೆಯಲ್ಲೂ ವಾದ. ನಾನು ಗಮನಿಸುವುದು ಬೇರೊಂದನ್ನು. ಅಲ್ಲಿ ವಿಳಾಸದಾರ ಎದುರಾಳಿ. ಅಂಚೆ ಕಲೆಯಲ್ಲಿ ವಿಳಾಸದಾರ ಜೊತೆಗಾರ, ಮುಂದಿನ ಸಾಲನ್ನು ಬರೆಯಬೇಕಾದವನು. ಅದಕ್ಕೇ ಹುಬ್ಬಳ್ಳಿಯ ಪ್ರಸಂಗವನ್ನು ನಾನು ಚಳವಳಿ ಎನ್ನುತ್ತೇನೆ, ಅಂಚೆ ಕಲೆ ಎನ್ನುವುದಿಲ್ಲ.

ಈಗ ದಾವಣಗೆರೆ ಜಿಲ್ಲೆಯ ಕೆರೆಬಿಳಚಿ ಎಂಬ ಊರಿನಿಂದ ಒಂದು ಕಾರ್ಡು ಹೊರಡಬೇಕು ಅಂದುಕೊಳ್ಳೋಣ. ಮಕ್ಕಳಿಗೆ ವಿಷಯ ಹುಡುಕಬೇಕಾಗಿಲ್ಲ, ಸಮೀಪದಲ್ಲೇ ಸೂಳೆಕೆರೆ ಇದೆ. ಏರಿ ಬರೆಯಬಹುದು, ಸಿದ್ಧ ತೂಬು, ಬಸವ ತೂಬು ಬರೆಯಬಹುದು, ನೀರು ತರುವ ಹರಿದ್ರಾ ಹಳ್ಳ ಬರೆಯಬಹುದು. ಊರಿನಲ್ಲಿ ಕನ್ನಡ ಬರೆಯುವ ಕೈಯೂ ಇದೆ, ಉರ್ದು ಬರೆಯುವ ಕೈಯೂ ಇದೆ. ಎಡದಿಂದ ಹೋಗುವ ಒಂದು ಸಾಲು, ಬಲದಿಂದ ಬರುವ ಒಂದು ಸಾಲು ಒಂದೇ ಕಾರ್ಡಿನಲ್ಲಿ ಕೂತರೆ, ಎರಡೂ ಓದಲು ಬಾರದ ಜಪಾನಿನವನಿಗೂ ಅದು ಚಿತ್ರವೇ. ಮುದ್ರೆಗೆ ಅರ್ಧ ಆಲೂಗಡ್ಡೆಯೋ ಹಳೆಯ ರಬ್ಬರೋ ಸಾಕು, ಬ್ಲೇಡು ಹಿಡಿಯುವ ಕೆಲಸ ಮಾತ್ರ ದೊಡ್ಡವರದ್ದು.

ಅಡಿಕೆ ಸೀಮೆಯವರಿಗೆ ಅಡಿಕೆ ಹಾಳೆಯ ಮೇಲೆ ಬರೆದು ಕಳಿಸೋಣ ಅನ್ನಿಸಬಹುದು. ದೇಶದೊಳಗೆ ಪ್ರಯತ್ನಿಸಿ ನೋಡಿ. ಹೊರದೇಶಕ್ಕೆ ಬೇಡ. ಎಲೆ, ಬೀಜ, ತೊಗಟೆಯಂಥ ಸಸ್ಯಮೂಲದ ವಸ್ತುವಿಗೆ ರೋಗ ಹರಡೀತೆಂಬ ಭಯದಿಂದ ಗಡಿಯಲ್ಲಿ ಬಿಗಿಯಾದ ತಪಾಸಣೆ ಇರುತ್ತದೆ. ನಿಮ್ಮ ಚಿತ್ರ ಅಲ್ಲಿಯೇ ಉಳಿದೀತು.

ಐವತ್ತು ಪೈಸೆಯ ಕಾರ್ಡು ದೇಶದೊಳಗೆ ಮಾತ್ರ ಓಡುತ್ತದೆ. ಹೊರದೇಶದ ದರವನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೇಳಿ, ಅಷ್ಟು ಸ್ಟಾಂಪು ಹಚ್ಚಬೇಕು. ಕಳಿಸುವ ಮೊದಲು ಆ ದೇಶದ ಅಂಚೆಯ ಸ್ಥಿತಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿದೆ, ಆ ಕೆಲಸ ಖಾಸಗಿಯವರ ಪಾಲಾಗಿದೆ. ವಿಳಾಸ ರೋಮನ್ ಅಕ್ಷರದಲ್ಲಿರಲಿ, ದೇಶದ ಹೆಸರು ಕೊನೆಯ ಸಾಲಿನಲ್ಲಿ ದೊಡ್ಡದಾಗಿರಲಿ. ಉಳಿದ ಜಾಗವೆಲ್ಲ ನಿಮ್ಮದು. ಮತ್ತೆ, ನಿಮ್ಮ ವಿಳಾಸ ಬರೆಯುವುದನ್ನು ಮರೆಯಬೇಡಿ, ಪಟ್ಟಿ ಬರಬೇಕಾದದ್ದು ಅಲ್ಲಿಗೆ. 1997ಕ್ಕೆ ಮೊದಲಿನ ಅಭ್ಯಾಸದಂತೆ ಇನ್ನೂ ಶಿವಮೊಗ್ಗ ಜಿಲ್ಲೆ ಎಂದು ಬರೆಯುವ ಹಿರಿಯರು ಕೆರೆಬಿಳಚಿಯಲ್ಲಿದ್ದರೆ, ದಾವಣಗೆರೆ ಎಂದು ತಿದ್ದಿಕೊಳ್ಳಿ. 577ರಿಂದ ಶುರುವಾಗುವ ಪಿನ್ ಕೋಡು ಸರಿಯಿದ್ದರೆ ಹಳೆಯ ಜಿಲ್ಲೆಯ ಹೆಸರಿಗೂ ಕಾಗದ ಬಂದೀತು, ಸ್ವಲ್ಪ ತಡವಾಗಿ.