ಕಷ್ಟ ಕಲಿಸಿದ ಸಹಕಾರ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ತುಂಬಿದ ಸಂಘದ ಹಬ್ಬದಲ್ಲಿ ನಾಲ್ಕು ಮಾತಾಡಿ ಎಂದು ನಮ್ಮನ್ನು ಕರೆದಿದ್ದೀರಿ. ನಾವು ಕ್ರೈಸ್ತರು. ಆದರೆ ಮಳೆ ಕೈಕೊಟ್ಟರೆ ಎಲ್ಲರ ತೆಂಗೂ ಒಂದೇ ಥರ ಒಣಗುತ್ತದೆ. ಕಡೂರಿನ ಬಯಲಿನವರಿಗೆ, ಅಜ್ಜಂಪುರದ ಈರುಳ್ಳಿ ಬೆಳೆಗಾರರಿಗೆ, ತರೀಕೆರೆಯ ಅಡಿಕೆ ತೋಟದವರಿಗೆ ಕಷ್ಟ ಅಂದರೇನು ಅಂತ ನಾವು ಹೇಳಿಕೊಡಬೇಕಾಗಿಲ್ಲ. ಕಷ್ಟದಿಂದ ಏನು ಕಲಿಯಬಹುದು ಎಂಬುದಷ್ಟೇ ಇವತ್ತಿನ ಮಾತು.

ಬೈಬಲಿನಲ್ಲಿ ಯೋಸೇಫನ ಕಥೆಯಿದೆ. ಅಣ್ಣಂದಿರೇ ಅವನನ್ನು ಮಾರಿದರು. ಐಗುಪ್ತ ದೇಶದಲ್ಲಿ ಸೆರೆಮನೆ ಕಂಡ. ಮುಂದೆ ಅದೇ ದೇಶದ ಅಧಿಕಾರಿಯಾಗಿ, ಏಳು ವರ್ಷದ ಸುಗ್ಗಿಯಲ್ಲಿ ಬೆಳೆಯ ಐದನೇ ಒಂದು ಪಾಲನ್ನು ಕಣಜಕ್ಕೆ ಹಾಕಿಸಿದ. ಆಮೇಲೆ ಏಳು ವರ್ಷ ಬರ ಬಂತು. ಆ ಕಣಜ ಜನರನ್ನು ಉಳಿಸಿತು, ಮಾರಿದ ಅಣ್ಣಂದಿರನ್ನೂ ಉಳಿಸಿತು. ದೇವರನ್ನು ನಂಬಿದವನು ಕೈಕಟ್ಟಿ ಕೂರಲಿಲ್ಲ, ಲೆಕ್ಕ ಹಾಕಿದ.

ನಮ್ಮ ಪತ್ತಿನ ಸಂಘಗಳ ಮೂಲದಲ್ಲೂ ಇಂಥ ಒಬ್ಬ ದೈವಭಕ್ತರಿದ್ದಾರೆ. ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್, 1818ರಲ್ಲಿ ಹುಟ್ಟಿದವರು. ಕಣ್ಣಿನ ಕಾಯಿಲೆಯಿಂದ ಸೈನ್ಯದ ಕೆಲಸ ಬಿಡಬೇಕಾಯಿತು. ಹಳ್ಳಿಗಳ ಆಡಳಿತಗಾರರಾಗಿದ್ದಾಗ 1846-47ರ ಕ್ಷಾಮ ಬಂತು. ಊರವರನ್ನು ಸೇರಿಸಿ ಹಿಟ್ಟು ತರಿಸಿ, ರೊಟ್ಟಿ ಸುಡುವ ಒಲೆಮನೆ ಕಟ್ಟಿಸಿ, ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರು.

ಮೊದಮೊದಲು ಅವರು ಸಿರಿವಂತರ ದಾನವನ್ನೇ ನೆಚ್ಚಿ ಸಂಘ ನಡೆಸಿದರು. ದಾನ ಹೆಚ್ಚು ದಿನ ನಡೆಯೋದಿಲ್ಲ ಅಂತ ಅನುಭವ ಕಲಿಸಿತು. ತಾವು ಕಟ್ಟಿದ್ದನ್ನೇ ತಿದ್ದಿ, 1864ರಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿರುವ ಸಂಘ ಮಾಡಿದರು. ಒಬ್ಬರನ್ನೊಬ್ಬರು ಬಲ್ಲ ಊರಿನವರೇ ಸದಸ್ಯರು. ಸಾಲಕ್ಕೆ ಎಲ್ಲರೂ ಹೊಣೆ. ಲಾಭ ಹಂಚದೆ ನಿಧಿಗೆ. ಕಣ್ಣು ಮಂಜಾದ ಮೇಲೂ ಮಗಳ ಸಹಾಯದಿಂದ ಬರೆದು, 1866ರಲ್ಲಿ ಪುಸ್ತಕ ಹೊರತಂದರು. ಕಲಿಯುವುದಕ್ಕೆ ವಯಸ್ಸು, ಕಣ್ಣು ಯಾವುದೂ ಅಡ್ಡ ಬರಲಿಲ್ಲ ನೋಡಿ.

ಆ ದಾರಿ ನೋಡಿಯೇ ನಮ್ಮ ದೇಶದಲ್ಲಿ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ನಮ್ಮ ಸಂಘವೂ ಅದೇ ಬಳ್ಳಿಯ ಕುಡಿ.

ಇನ್ನು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಒಂದು ಬೇಸಿಗೆಯಲ್ಲಿ, ಪಕ್ಕದವರು ಕೊರೆಸಿದರು ಅಂತ ನಾವೂ ಸಾಲ ಮಾಡಿ ಬೋರ್‌ವೆಲ್ ಕೊರೆಸಿದೆವು. ಧೂಳು ಬಂತು, ನೀರು ಬರಲಿಲ್ಲ. ಸಾಲ ಮಾತ್ರ ಉಳೀತು. ಬದು ಹಾಕಿ ಮಳೆನೀರು ನಿಲ್ಲಿಸುವುದು, ತೆಂಗಿನ ಬುಡಕ್ಕೆ ಸಿಪ್ಪೆ, ಗರಿ ಮುಚ್ಚುವುದು ಇವನ್ನೆಲ್ಲ ಕಲಿತದ್ದು ಅರವತ್ತು ದಾಟಿದ ಮೇಲೆ. ಮೊದಲೇ ನಾಲ್ಕು ಜನರನ್ನು ಕೇಳಿದ್ದರೆ ಆ ಸಾಲವೇ ಬೇಕಿರಲಿಲ್ಲ.

ಆದ್ದರಿಂದ ಬಂಧುಗಳೇ, ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಈ ದುಡ್ಡು ಹೇಗೆ ದುಡಿಯುತ್ತದೆ ಅಂತ ಮನೆಯವರೆಲ್ಲ ಕೂತು ಲೆಕ್ಕ ಹಾಕೋಣ. ಹೆಂಗಸರ ಮಾತನ್ನೂ ಕೇಳೋಣ. ಒಳ್ಳೆ ಬೆಳೆ ಬಂದ ವರ್ಷ ಮೊದಲು ಕಂತು ಕಟ್ಟಿ, ಒಂದಿಷ್ಟು ಠೇವಣಿ ಇಡೋಣ. ನಾವು ಕಟ್ಟದ ಕಂತು ಇನ್ನೊಬ್ಬ ಸದಸ್ಯನಿಗೆ ಸಿಗದ ಸಾಲ, ಅದು ನೆನಪಿರಲಿ. ದೇವರು ಮಳೆ ಕೊಡಲಿ; ಬಂದ ಮಳೆಯನ್ನು ಹಿಡಿದಿಡುವ ಬುದ್ಧಿಯನ್ನೂ ಕೊಡಲಿ.

ಸಂಘ ಸುವರ್ಣ ಮಹೋತ್ಸವ ಕಾಣಲೆಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.